ಬಂಕಿನ ಡೀಸೆಲಿನಲ್ಲಿ ನೀರಿದ್ದರೆ ಮೊದಲ ಒಂದು ಗಂಟೆಯಲ್ಲಿ ಏನು ಮಾಡಬೇಕು

ಮೂರು ವರ್ಷದ ಹಿಂದಿನ ಜುಲೈ ತಿಂಗಳು. ಮಡಿಕೇರಿಯಲ್ಲಿ ನಾಲ್ಕು ದಿನದಿಂದ ಬಿಡದೆ ಮಳೆ. ಸುಳ್ಯದಲ್ಲಿ ಕೆಲಸವಿತ್ತು, ಪಿಕಪ್ ತೆಗೆದುಕೊಂಡು ಹೊರಟೆ. ದಾರಿಯಲ್ಲಿ ಒಂದು ಬಂಕಿನಲ್ಲಿ 2,000 ರೂಪಾಯಿಗೆ ಡೀಸೆಲ್ ಹಾಕಿಸಿದೆ. ಏಳೆಂಟು ಕಿಲೋಮೀಟರ್ ಹೋಗಿರಬೇಕು. ಗಾಡಿ ಒಮ್ಮೆ ಕೆಮ್ಮಿದ ಹಾಗಾಯಿತು. ಆಮೇಲೆ ಜರ್ಕ್ ಹೊಡೆಯಿತು. ಸಂಪಾಜೆ ಘಾಟಿಯ ಇಳಿಜಾರಿನಲ್ಲಿ, ಒಂದು ತಿರುವು ಮುಗಿಯುವಷ್ಟರಲ್ಲಿ ಎಂಜಿನ್ ನಿಂತೇಹೋಯಿತು.

ಅವತ್ತು ಗಾಬರಿಯಲ್ಲಿ ಇಪ್ಪತ್ತು ಸಲವಾದರೂ ಸೆಲ್ಫ್ ಹೊಡೆದಿದ್ದೇನೆ. ಬಂದ ಮೆಕ್ಯಾನಿಕ್ ಟ್ಯಾಂಕಿನಲ್ಲಿದ್ದುದನ್ನೆಲ್ಲ ಅಲ್ಲೇ ಚರಂಡಿಗೆ ಬಿಟ್ಟ. ಹೊಸ ಫಿಲ್ಟರ್ ಹಾಕಿದ, ಹಳೆಯದನ್ನು ಎಸೆದ. ಬಿಲ್ ಅಂತೂ ನಾನು ತೆಗೆದುಕೊಂಡೇ ಇರಲಿಲ್ಲ. ಮಾರನೇ ದಿನ ಬಂಕಿಗೆ ಹೋಗಿ ಜಗಳಕ್ಕೆ ನಿಂತರೆ ಮ್ಯಾನೇಜರ್ ಒಂದೇ ಮಾತು ಕೇಳಿದರು: "ನಮ್ಮಲ್ಲೇ ಹಾಕಿಸಿದ್ದು ಅನ್ನೋದಕ್ಕೆ ಏನಿದೆ ಸಾರ್?" ನನ್ನ ಹತ್ತಿರ ಏನೂ ಇರಲಿಲ್ಲ. ಇಂಜೆಕ್ಟರ್ ಕೆಲಸ, ಪಂಪ್ ಕೆಲಸ ಸೇರಿ 38,000 ರೂಪಾಯಿ ಕೈಯಿಂದಲೇ ಹೋಯಿತು.

ಆಮೇಲೆ ಈ ವಿಷಯದ ಬಗ್ಗೆ ಮೆಕ್ಯಾನಿಕ್‌ಗಳ ಹತ್ತಿರ, ಬಂಕಿನಲ್ಲಿ ಕೆಲಸ ಮಾಡುವವರ ಹತ್ತಿರ, ವಕೀಲರ ಹತ್ತಿರ ಕೂತು ಕೇಳಿ ತಿಳಿದುಕೊಂಡೆ. ಹೋದ ವರ್ಷ ಚಿಕ್ಕಪ್ಪನ ಮಗನ ಕಾರಿಗೆ ಇದೇ ಆದಾಗ ಅದು ಕೆಲಸಕ್ಕೆ ಬಂತು. ನಮ್ಮ ಕೊಡಗು ಜಿಲ್ಲೆಗೆ ರೈಲಿಲ್ಲ. ಆಸ್ಪತ್ರೆಗಿರಲಿ, ಶಾಲೆಗಿರಲಿ, ಕಾಫಿ ಮಾರುವುದಕ್ಕಿರಲಿ, ಎಲ್ಲದಕ್ಕೂ ಗಾಡಿಯೇ ಬೇಕು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಗಾಡಿ ನಿಲ್ಲಿಸಿ, ಜನರನ್ನು ಇಳಿಸಿ

ಘಾಟಿಯಲ್ಲಿ ಎಂಜಿನ್ ಆಫ್ ಆದರೆ ಎರಡು ಸಂಗತಿ ಒಟ್ಟಿಗೆ ಆಗುತ್ತವೆ. ಪವರ್ ಸ್ಟೇರಿಂಗ್ ಬಿಗಿಯಾಗುತ್ತದೆ. ಬ್ರೇಕ್‌ಗೆ ಸಿಗುವ ವ್ಯಾಕ್ಯೂಮ್ ಸಹಾಯ ನಿಲ್ಲುತ್ತದೆ. ಒಂದೆರಡು ಸಲ ಒತ್ತುವಷ್ಟು ಮಾತ್ರ ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಹಾಗಾಗಿ ಬ್ರೇಕನ್ನು ಒತ್ತಿ ಒತ್ತಿ ಬಿಡಬೇಡಿ. ಒಂದೇ ಸಲ ಬಲವಾಗಿ ಒತ್ತಿ ಹಿಡಿಯಿರಿ. ಗಾಡಿಯನ್ನು ಬರೆಯ ಕಡೆಗೆ, ಅಂದರೆ ಗುಡ್ಡದ ಬದಿಗೆ ತನ್ನಿ, ಕಣಿವೆಯ ಬದಿಗಲ್ಲ. ಗೇರಿನಲ್ಲೇ ಬಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ. ಇಳಿದು ಚಕ್ರಕ್ಕೆ ಕಲ್ಲು ಕೊಡಿ. ಮಳೆಗಾಲದಲ್ಲಿ ಮಣ್ಣು ಸಡಿಲವಾದ ಬರೆ ಇದ್ದರೆ ಅದರ ಬುಡದಲ್ಲಿ ಯಾರೂ ನಿಲ್ಲಬೇಡಿ. 2018ರ ಆಗಸ್ಟಿನ ಭೂಕುಸಿತ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ, ಹೊರಗಿನಿಂದ ಬಂದವರಿಗೆ ಹೇಳಬೇಕು.

ನಾಲ್ಕೂ ಇಂಡಿಕೇಟರ್ ಹಾಕಿ. ಮಂಜು ಇದ್ದರೆ ಹಿಂದೆ ನಲವತ್ತು ಐವತ್ತು ಹೆಜ್ಜೆ ದೂರದಲ್ಲಿ, ತಿರುವಿಗೆ ಮೊದಲೇ, ಒಂದು ಮರದ ಕೊಂಬೆಯನ್ನಾದರೂ ಮುರಿದು ಇಡಿ. ಮಕ್ಕಳನ್ನು ಗಾಡಿಯೊಳಗೆ ಕೂರಿಸಬೇಡಿ.

ಸೆಲ್ಫ್ ಹೊಡೆಯಬೇಡಿ

ಹಣ ಉಳಿಸುವುದು ಈ ಒಂದೇ ಮಾತು. ಈಗಿನ ಡೀಸೆಲ್ ಗಾಡಿಗಳಲ್ಲಿ ಹೆಚ್ಚಿನವು ಕಾಮನ್ ರೈಲ್. ಅಲ್ಲಿ ಡೀಸೆಲ್ 1,600ರಿಂದ 2,000 ಬಾರ್ ಒತ್ತಡದಲ್ಲಿ ಇಂಜೆಕ್ಟರ್‌ಗೆ ಹೋಗುತ್ತದೆ. ಹೈ ಪ್ರೆಷರ್ ಪಂಪಿಗೆ ಬೇರೆ ಆಯಿಲ್ ಇಲ್ಲ. ಡೀಸೆಲ್ಲೇ ಅದಕ್ಕೆ ಜಿಡ್ಡು. ನೀರಿಗೆ ಆ ಜಿಡ್ಡಿನ ಗುಣ ಇಲ್ಲ. ಒಂದೊಂದು ಸಲ ಸೆಲ್ಫ್ ಹೊಡೆದಾಗಲೂ ನೀರು ಟ್ಯಾಂಕಿನಿಂದ ಪೈಪಿಗೆ, ಪೈಪಿನಿಂದ ಫಿಲ್ಟರ್‌ಗೆ, ಅಲ್ಲಿಂದ ಪಂಪಿಗೆ ಮುಂದೆ ಮುಂದೆ ಹೋಗುತ್ತದೆ. ಫಿಲ್ಟರ್‌ವರೆಗೆ ಬಂದು ನಿಂತಿದ್ದರೆ ಖರ್ಚು ಸಾವಿರದ ಲೆಕ್ಕದಲ್ಲಿ ಮುಗಿಯುತ್ತದೆ. ಪಂಪ್ ಒಳಗೆ ಹೋದರೆ ಹತ್ತು ಸಾವಿರದ ಲೆಕ್ಕ. ನಾನು ಇಪ್ಪತ್ತು ಸಲ ಹೊಡೆದಿದ್ದಕ್ಕೇ 38,000 ಆಯಿತು ಅಂತ ಮೆಕ್ಯಾನಿಕ್ ಆಮೇಲೆ ಹೇಳಿದ.

ಹಳೇ ಜೀಪುಗಳು ಇಷ್ಟು ಸೂಕ್ಷ್ಮ ಅಲ್ಲ. ಹಳೇ ಮೇಜರ್, ಕಮಾಂಡರ್ ಇಟ್ಟುಕೊಂಡಿರುವವರು ಫಿಲ್ಟರ್ ಬಿಚ್ಚಿ, ನೀರು ಬಿಟ್ಟು, ಪ್ರೈಮ್ ಮಾಡಿ, ಏರ್ ತೆಗೆದು ಹೊರಟುಬಿಡುತ್ತಾರೆ. ಅದೇ ಧೈರ್ಯವನ್ನು ಹೊಸ ಹೊಗೆ ನಿಯಮದ ಬಿಎಸ್ 6 ಗಾಡಿಯ ಮೇಲೆ ತೋರಿಸಬೇಡಿ.

ಇನ್ನೊಂದು ಮಾತು. ಡೀಸೆಲ್ ಗಾಡಿಗೆ ತಪ್ಪಿ ಪೆಟ್ರೋಲ್ ಹಾಕಿದ್ದು ಬಂಕಿನಲ್ಲೇ ಗೊತ್ತಾದರೆ ಕೀ ತಿರುಗಿಸಲೇಬೇಡಿ. ಸ್ಟಾರ್ಟ್ ಮಾಡುವುದಿರಲಿ, ಕೀ ಆನ್ ಮಾಡಿದರೂ ಕೆಲವು ಗಾಡಿಗಳಲ್ಲಿ ಟ್ಯಾಂಕಿನ ಪಂಪ್ ಓಡುತ್ತದೆ. ನ್ಯೂಟ್ರಲ್ ಮಾಡಿ ತಳ್ಳಿಕೊಂಡು ಬದಿಗೆ ಹೋಗಿ.

ಇದು ಡೀಸೆಲಿನದ್ದೇ ತೊಂದರೆನಾ?

ಹಾಕಿಸಿದ ಸ್ವಲ್ಪ ಹೊತ್ತಿಗೇ ತೊಂದರೆ ಶುರುವಾಯಿತು ಅಂದರೆ ಅನುಮಾನ ಸಹಜ. ಡೀಸೆಲಿನಲ್ಲಿ ನೀರಿದ್ದರೆ ಗಾಡಿ ಎಳೆಯುವುದಿಲ್ಲ, ಬಿಳಿ ಹೊಗೆ ಬರುತ್ತದೆ, ಎಂಜಿನ್ ಕಟಕಟ ಅನ್ನುತ್ತದೆ. ಕೆಲವು ಗಾಡಿಗಳ ಮೀಟರಿನಲ್ಲಿ ಫಿಲ್ಟರ್ ನೀರಿನ ದೀಪ ಹತ್ತುತ್ತದೆ. ಪೆಟ್ರೋಲ್ ಗಾಡಿಯಾದರೆ ಮಿಸ್ ಹೊಡೆಯುತ್ತದೆ, ಐಡಲಿಂಗ್ ನಿಲ್ಲುವುದಿಲ್ಲ, ಚೆಕ್ ಎಂಜಿನ್ ದೀಪ ಬರುತ್ತದೆ. ಬೈಕು ಒಂದೆರಡು ಕಿಲೋಮೀಟರಿನಲ್ಲೇ ಕೈಕೊಡುತ್ತದೆ.

ಆದರೆ ಬಂಕಿನವರ ಮೇಲೆ ಹಾರುವ ಮೊದಲು ನಮ್ಮ ಟ್ಯಾಂಕಿನ ಮುಚ್ಚಳ ನೋಡಬೇಕು. ಅದರ ರಬ್ಬರ್ ವಾಷರ್ ಒಣಗಿ ಬಿರುಕು ಬಿಟ್ಟಿದೆಯಾ? ತೋಟದ ಜೀಪು ಶೆಡ್ಡಿಲ್ಲದೆ ಒಂದು ತಿಂಗಳು ಮಳೆಯಲ್ಲಿ ನಿಂತಿತ್ತಾ? ಹೊಳೆಯಂತೆ ನೀರು ಹರಿಯುವ ರಸ್ತೆಯಲ್ಲಿ ಇಳಿಸಿದ್ದಿರಾ? ಅರ್ಧ ಖಾಲಿ ಟ್ಯಾಂಕಿನ ಒಳಗೆ ತಣ್ಣನೆ ರಾತ್ರಿಯಲ್ಲಿ ಬೆವರಿನ ಹಾಗೆ ನೀರು ಕೂರುತ್ತದೆ. ಅದು ತಳದಲ್ಲಿ ಇಷ್ಟು ದಿನ ಸುಮ್ನೆ ಇದ್ದು, ಹೊಸ ಡೀಸೆಲ್ ಬಿದ್ದ ರಭಸಕ್ಕೆ ಕದಡಿ ಮೇಲೆ ಬಂದಿರಬಹುದು. ನಮ್ಮ ಕಡೆಯ ಈ ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಂಡೇ ಮಾತಿಗೆ ಹೋಗಿ. ಬಂಕಿನವರು ಕೇಳುವುದೂ ಇದನ್ನೇ.

ಬಂಕಿನಲ್ಲೂ ನೀರು ಸೇರುವುದೆಲ್ಲ ಮೋಸದಿಂದಲೇ ಅಲ್ಲ. ನೆಲದೊಳಗಿನ ಟ್ಯಾಂಕಿಗೆ ಮೇಲೆ ಮ್ಯಾನ್‌ಹೋಲ್, ಡೀಸೆಲ್ ಇಳಿಸುವ ಪೈಪು, ಅಳತೆ ಕೋಲು ಇಳಿಸುವ ಪೈಪು ಇರುತ್ತವೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಬಂಕಿನ ಅಂಗಳದಲ್ಲಿ ನೀರು ನಿಂತರೆ, ಅಲ್ಲಿನ ಒಂದು ಗ್ಯಾಸ್ಕೆಟ್ ಹರಿದಿದ್ದರೂ ಸಾಕು. ಇದರಲ್ಲಿ ಬಂಕಿನವರ ದುರುದ್ದೇಶ ಇಲ್ಲ ನಿಜ. ಜವಾಬ್ದಾರಿ ಮಾತ್ರ ಅವರದ್ದೇ.

ಬಿಲ್ಲು, ಫೋಟೋ, ಫೋನು

ಕಲ್ಲು ಕೊಟ್ಟು ನಿಂತ ಮೇಲೆ ಮಾಡುವ ಮೊದಲ ಕೆಲಸ ಇದು. ಬಿಲ್ ಇದ್ದರೆ ಫೋಟೋ ತೆಗೆಯಿರಿ. ಅದರ ಅಕ್ಷರ ಬೇಗ ಮಾಸಿಹೋಗುತ್ತದೆ. ಬಿಲ್ ಇಲ್ಲದಿದ್ದರೆ ಯುಪಿಐ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆಯಿರಿ, ಸಮಯ ಕಾಣಬೇಕು. ಗಾಡಿಯ ಕಿಲೋಮೀಟರ್ ಮೀಟರ್, ಗಾಡಿ ನಿಂತ ಜಾಗ, ಮೀಟರಿನಲ್ಲಿ ಹತ್ತಿದ ದೀಪ, ಎಲ್ಲಕ್ಕೂ ಒಂದೊಂದು ಫೋಟೋ. ಯಾವ ಪಂಪಿನಲ್ಲಿ, ಯಾವ ನಾಝಲ್‌ನಲ್ಲಿ ಹಾಕಿಸಿದ್ದು ಅಂತ ನೆನಪಿರುವಾಗಲೇ ಬರೆದಿಡಿ.

ಆಮೇಲೆ ಬಂಕಿಗೆ ಫೋನ್ ಮಾಡಿ. ನಂಬರ್ ಬಿಲ್ಲಿನ ಮೇಲೇ ಇರುತ್ತದೆ. ಕೂಗಾಡುವುದು ಬೇಡ. "ಇಷ್ಟು ಗಂಟೆಗೆ ನಿಮ್ಮಲ್ಲಿ ಇಷ್ಟು ಡೀಸೆಲ್ ಹಾಕಿಸಿದೆ, ಇಂಥ ಕಡೆ ಗಾಡಿ ನಿಂತಿದೆ, ನಿಮ್ಮ ಟ್ಯಾಂಕಿನಲ್ಲಿ ನೀರು ನೋಡಿ" ಅಂತ ಇಷ್ಟೇ ಹೇಳಿ. ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಸಿಕ್ಕ ಕೂಡಲೇ ಒಂದು ಮೆಸೇಜ್ ಹಾಕಿ. ಈ ಕರೆಯಿಂದ ಎರಡು ಲಾಭ ಇದೆ. ನೀವು ಕೂಡಲೇ ತಿಳಿಸಿದಿರಿ ಅನ್ನುವುದಕ್ಕೆ ದಾಖಲೆ ಉಳಿಯುತ್ತದೆ. ನಿಮ್ಮ ಹಿಂದೆ ಬರುವ ಇನ್ನು ಹತ್ತು ಗಾಡಿ ಉಳಿಯಬಹುದು. ಅದರಲ್ಲಿ ಒಂದು ಆಂಬುಲೆನ್ಸ್ ಇರಬಹುದು, ಅಲ್ವಾ?

ಗಾಜಿನ ಬಾಟಲಿ

ಟ್ಯಾಂಕ್ ಖಾಲಿ ಮಾಡಿದ ಮೇಲೆ ನಿಮ್ಮ ಪರವಾಗಿ ಮಾತಾಡುವುದಕ್ಕೆ ಏನೂ ಉಳಿಯುವುದಿಲ್ಲ. ಹಾಗಾಗಿ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿಯುವ ಮೊದಲೇ ಸ್ಯಾಂಪಲ್ ತೆಗೆಯಬೇಕು. ಒಗೆದು ಪೂರ್ತಿ ಒಣಗಿಸಿದ ಗಾಜಿನ ಬಾಟಲಿಯೇ ಬೇಕು. ನೀರಿನ ಪ್ಲಾಸ್ಟಿಕ್ ಬಾಟಲಿ ಬೇಡ. ಅದರೊಳಗೆ ಎರಡು ಹನಿ ಕುಡಿಯುವ ನೀರು ಉಳಿದಿದ್ದರೂ ನಿಮ್ಮ ಪುರಾವೆ ಕೆಡುತ್ತದೆ, ಪೆಟ್ರೋಲನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡುವುದು ಅಪಾಯ ಕೂಡ. ನನ್ನ ಪಿಕಪ್ ಸೀಟಿನ ಹಿಂದೆ ಈಗ ಮೂರು ಗಾಜಿನ ಬಾಟಲಿ, ಒಂದು ಟೇಪು, ಒಂದು ಮಾರ್ಕರ್ ಪೆನ್ ಯಾವಾಗಲೂ ಇರುತ್ತವೆ.

ಡೀಸೆಲ್ ಗಾಡಿಯಲ್ಲಿ ಫಿಲ್ಟರಿನ ತಳದಲ್ಲಿ ನೀರು ಬಿಡುವ ಸ್ಕ್ರೂ ಇರುತ್ತದೆ. ಗಾಡಿಯನ್ನು ಒಂದರ್ಧ ಗಂಟೆ ಅಲುಗಿಸದೆ ಬಿಟ್ಟು ಆಮೇಲೆ ಸ್ಕ್ರೂ ನಿಧಾನಕ್ಕೆ ಸಡಿಲಿಸಿ. ಚಿಕ್ಕಪ್ಪನ ಮಗನ ಗಾಡಿ ಆದ ಮೇಲೆ ಪಕ್ಕದ ತೋಟದವರ ಡೀಸೆಲ್ ಜೀಪಿನದ್ದು ಹೀಗೇ ತೆಗೆದೆವು. ಮೊದಲು ಬಿದ್ದದ್ದು ತೆಳು ಚಹಾ ಬಣ್ಣದ ನೀರು, ತುಕ್ಕಿನ ವಾಸನೆ. ಒಂದು ಅರ್ಧ ಲೋಟ ಅದೇ. ಆಮೇಲೆ ಡೀಸೆಲ್ ಬಂತು. ಅದರ ಜೊತೆ ಸಾಬಕ್ಕಿಯಂಥ ಸಣ್ಣ ಸಣ್ಣ ಗುಂಡುಗಳು ಬಾಟಲಿಯ ತಳಕ್ಕೆ ಇಳಿದು, ಒಂದಕ್ಕೊಂದು ತಾಗಿ ದೊಡ್ಡದಾಗಿ, ಕೊನೆಗೆ ಒಂದೇ ಪದರವಾಗಿ ಕೂತವು. ಬಾಟಲಿಯನ್ನು ಓರೆ ಮಾಡಿದರೆ ಆ ಪದರ ಬೇರೆಯಾಗಿ ಜಾರುತ್ತದೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಡೀಸೆಲಿನ ತೂಕ ಲೀಟರಿಗೆ ಸುಮಾರು 830 ಗ್ರಾಂ, ನೀರಿನದು 1,000 ಗ್ರಾಂ. ನೀರು ತಳ ಸೇರಲೇಬೇಕು. ಮಾನದಂಡದ ಪ್ರಕಾರ ಒಂದು ಕಿಲೋ ಡೀಸೆಲಿನಲ್ಲಿ ನೀರು 200 ಮಿಲಿಗ್ರಾಂ ದಾಟುವ ಹಾಗಿಲ್ಲ. ಅಂದರೆ ನಾಲ್ಕೈದು ಹನಿ. ಕಣ್ಣಿಗೆ ಪದರ ಕಂಡಿತು ಅಂದರೆ ಅದು ಮಿತಿ ಮೀರಿದ ಹಾಗೇ.

ಪೆಟ್ರೋಲಿನ ವಿಷಯ ಸ್ವಲ್ಪ ಬೇರೆ. ಈಗ ಬರುವ ಪೆಟ್ರೋಲಿನಲ್ಲಿ 20 ಶೇಕಡಾವರೆಗೆ ಎಥನಾಲ್ ಇದೆ. ಎಥನಾಲಿಗೂ ನೀರಿಗೂ ಬಹಳ ಸ್ನೇಹ. ಸ್ವಲ್ಪ ನೀರು ಸೇರಿದರೆ ಅದು ಕರಗಿ ಕಾಣದೇ ಇರುತ್ತದೆ. ಮಿತಿ ದಾಟಿದ ಕೂಡಲೇ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಚಳಿ ಜಾಸ್ತಿಯಾದಷ್ಟೂ ಈ ಮಿತಿ ಕಡಿಮೆ. ಅದಕ್ಕೇ ಸಂಜೆ ಸರಿ ಇದ್ದ ಬೈಕು ಮಡಿಕೇರಿಯ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗದೇ ಇರಬಹುದು.

ಇದರಿಂದ ಒಂದು ದೊಡ್ಡ ಗೊಂದಲ ಹುಟ್ಟಿದೆ. ಬಾಟಲಿಯಲ್ಲಿ ಪೆಟ್ರೋಲ್ ಹಿಡಿದು, ಅದಕ್ಕೆ ನೀರು ಸೇರಿಸಿ ಅಲ್ಲಾಡಿಸಿ, "ನೋಡಿ, ಹಾಕಿದ ನೀರಿಗಿಂತ ಜಾಸ್ತಿ ನೀರು ಬಂತು" ಅಂತ ವಿಡಿಯೋ ಮಾಡುತ್ತಾರೆ. ಒಂದು ಲೀಟರ್ ಪೆಟ್ರೋಲಿಗೆ 100 ಎಂಎಲ್ ನೀರು ಹಾಕಿದರೆ ತಳದ ಪದರ 300 ಎಂಎಲ್ ಹತ್ತಿರ ಹೋಗಬಹುದು. ಆ ಹೆಚ್ಚಿನ 200 ಎಂಎಲ್ ಕಲಬೆರಕೆ ಅಲ್ಲ, ಪೆಟ್ರೋಲಿನಲ್ಲೇ ಇದ್ದ ಎಥನಾಲ್. ಆ ಪರೀಕ್ಷೆಯಿಂದ ಏನೂ ಸಾಬೀತಾಗುವುದಿಲ್ಲ. ನೀವು ಏನೂ ಸೇರಿಸದೆ, ಟ್ಯಾಂಕಿನಿಂದ ತೆಗೆದ ಪೆಟ್ರೋಲ್ ತಾನಾಗಿ ಎರಡು ಪದರವಾಗಿ ನಿಂತರೆ ಮಾತ್ರ ನೀರು ಹೊರಗಿನಿಂದ ಸೇರಿದೆ ಅಂತ ಅರ್ಥ. ವಿಡಿಯೋ ಮಾಡುವುದಾದರೆ ಟ್ಯಾಂಕಿನಿಂದ ತೆಗೆಯುವುದರಿಂದ ಹಿಡಿದು ಪದರ ಕೂರುವವರೆಗೆ ಕತ್ತರಿಸದೆ ಮಾಡಿ.

ಮೂರು ಬಾಟಲಿ ತುಂಬಿ. ಪೂರ್ತಿ ಕಂಠಮಟ್ಟ ಬೇಡ, ಸ್ವಲ್ಪ ಜಾಗ ಬಿಡಿ. ಬಿರಡೆ ಮೇಲೆ ಟೇಪ್ ಸುತ್ತಿ. ದಿನಾಂಕ, ಸಮಯ, ಗಾಡಿ ನಂಬರ್ ಬರೆಯಿರಿ. ಮೆಕ್ಯಾನಿಕ್ ಮತ್ತು ಅಲ್ಲಿದ್ದ ಇನ್ನೊಬ್ಬರ ಸಹಿ ಟೇಪಿನ ಮೇಲೇ ಬರಲಿ. ಒಂದು ಬಂಕಿನವರಿಗೆ, ಒಂದು ದೂರಿಗೆ, ಒಂದು ನಿಮಗೆ. ಇವುಗಳನ್ನು ಮನೆಯೊಳಗೆ ಇಡಬೇಡಿ. ಒಲೆ ಉರಿಯುವ ಮನೆಗಳು ನಮ್ಮವು. ಬೀಗ ಇರುವ ಹೊರಗಿನ ಶೆಡ್ ಒಳ್ಳೇದು.

ದಯವಿಟ್ಟು ಪೈಪನ್ನು ಬಾಯಿಂದ ಎಳೆಯಬೇಡಿ. ಎಷ್ಟು ಜನ ಇದನ್ನು ಸಲೀಸಾಗಿ ಮಾಡುತ್ತಾರೆ! ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ. ಯಾರಾದರೂ ನುಂಗಿಬಿಟ್ಟರೆ ವಾಂತಿ ಮಾಡಿಸಬೇಡಿ, ವಾಂತಿಯಲ್ಲೇ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೈಯಿಂದ ಒತ್ತುವ ಸಣ್ಣ ಪಂಪು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ.

ಬಂಕಿಗೆ ಹೋಗಿ ಏನು ಕೇಳಬೇಕು

ಕುಶಾಲನಗರದ ಕಡೆ ಚಿಕ್ಕಪ್ಪನ ಮಗನ ಕಾರು ನಿಂತಾಗ ಅವನು ನನಗೆ ಫೋನ್ ಮಾಡಿದ. "ಅಣ್ಣಾ, ಪೆಟ್ರೋಲ್ ಹಾಕಿಸಿ ಐದು ನಿಮಿಷ ಆಗಿಲ್ಲ, ಗಾಡಿ ಸ್ಟಾರ್ಟೇ ಆಗ್ತಿಲ್ಲ." ನಾನು ಅಂದೆ, "ಸೆಲ್ಫ್ ಹೊಡೀಬೇಡ. ಬಿಲ್ ಇದೆಯಾ? ಅಲ್ಲೇ ಇರು, ಬರ್ತೀನಿ." ಇಬ್ಬರೂ ಬಂಕಿಗೆ ಹೋದೆವು.

ಹೆಚ್ಚಿನವರು ಬಂಕಿನಲ್ಲಿ ಡೆನ್ಸಿಟಿ (ಸಾಂದ್ರತೆ) ತೋರಿಸಿ ಅನ್ನುತ್ತಾರೆ. ಕೇಳಿ, ತಪ್ಪಿಲ್ಲ. ದಿನಾ ಬೆಳಿಗ್ಗೆ ಅಳೆದು, 15 ಡಿಗ್ರಿ ಉಷ್ಣಾಂಶಕ್ಕೆ ಲೆಕ್ಕ ಹಾಕಿ ರಿಜಿಸ್ಟರಿನಲ್ಲಿ ಬರೆದಿರುತ್ತಾರೆ. ಬರೆದದ್ದಕ್ಕೂ ಈಗ ಅಳೆದದ್ದಕ್ಕೂ ಘನ ಮೀಟರಿಗೆ 3 ಕಿಲೋಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಆದರೆ ಡೆನ್ಸಿಟಿಯಿಂದ ಸೀಮೆಎಣ್ಣೆಯಂಥ ಕಲಬೆರಕೆ ಸಿಗಬಹುದೇ ಹೊರತು ತಳದಲ್ಲಿ ಕೂತ ನೀರು ಸಿಗಬೇಕೆಂದಿಲ್ಲ. ಅಳೆಯುವ ಜಾರ್‌ಗೆ ಹಿಡಿದ ಡೀಸೆಲಿನಲ್ಲಿ ನೀರು ಬಾರದಿದ್ದರೆ ಡೆನ್ಸಿಟಿ ಸರಿಯಾಗೇ ಬರುತ್ತದೆ. ಫಿಲ್ಟರ್ ಪೇಪರ್ ಪರೀಕ್ಷೆಯೂ ಅಷ್ಟೇ. ಒಂದು ಹನಿ ಪೆಟ್ರೋಲ್ ಹಾಕಿದರೆ ಎರಡು ನಿಮಿಷದಲ್ಲಿ ಜಿಡ್ಡಿನ ಕಲೆ ಉಳಿಯದೆ ಆರಬೇಕು. ಇದನ್ನು ಕೇಳುವ ಹಕ್ಕು ಪ್ರತಿ ಗ್ರಾಹಕನಿಗಿದೆ, ಪೇಪರ್ ಬಂಕಿನಲ್ಲೇ ಇರಬೇಕು. ಆದರೆ ನೀರಿನ ದೂರಿಗೆ ಅದು ಉತ್ತರ ಅಲ್ಲ.

ನೀವು ಕೇಳಬೇಕಾದ್ದು ವಾಟರ್ ಪೇಸ್ಟ್ ಪರೀಕ್ಷೆ. ಅಳತೆ ಕೋಲಿನ ತುದಿಗೆ ಒಂದು ಬಗೆಯ ಪೇಸ್ಟ್ ಹಚ್ಚಿ ನೆಲದೊಳಗಿನ ಟ್ಯಾಂಕಿನ ತಳ ಮುಟ್ಟುವವರೆಗೆ ಇಳಿಸುತ್ತಾರೆ. ನೀರು ತಾಗಿದಷ್ಟು ಎತ್ತರಕ್ಕೆ ಪೇಸ್ಟಿನ ಬಣ್ಣ ಬದಲಾಗುತ್ತದೆ. ಎಥನಾಲ್ ಬೆರೆತ ಪೆಟ್ರೋಲಿಗೆ ಅದಕ್ಕೆಂದೇ ಬೇರೆ ಪೇಸ್ಟ್ ಇದೆ, ಅದನ್ನೇ ಹಚ್ಚಲಿ. ಆಟೋಮೇಷನ್ ಇರುವ ಬಂಕಾದರೆ ಆಫೀಸಿನ ಕಂಪ್ಯೂಟರ್ ಪರದೆಯಲ್ಲೂ ನೀರಿನ ಮಟ್ಟ ನೋಡಬಹುದು. ಅವತ್ತು ಕೋಲು ಮೇಲೆ ಬಂದಾಗ ತುದಿಯ ಒಂದು ಬೆರಳಿನಷ್ಟು ಉದ್ದ ಬಣ್ಣ ತಿರುಗಿತ್ತು. ಮ್ಯಾನೇಜರ್ ಅದನ್ನು ನೋಡಿ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಹುಡುಗನನ್ನು ಕರೆದು ಆ ಪಂಪಿಗೆ ಹಗ್ಗ ಕಟ್ಟಿಸಿದರು. ಮ್ಯಾನ್‌ಹೋಲ್ ಮುಚ್ಚಳದ ರಬ್ಬರ್ ಹರಿದಿತ್ತು. ಅವರು ಒಳ್ಳೆಯ ಮನುಷ್ಯ, ಒಪ್ಪಿಕೊಂಡರು. ಕಾರಿನ ಟ್ಯಾಂಕ್ ತೊಳೆಸಿದ ಖರ್ಚು, ಫಿಲ್ಟರ್, ಹಾಕಿಸಿದ ಪೆಟ್ರೋಲಿನ ಹಣ ಎರಡು ದಿನದಲ್ಲಿ ಕೊಟ್ಟರು.

ಎಲ್ಲರೂ ಹಾಗೆ ಒಪ್ಪುವುದಿಲ್ಲ. ಆಗ ಬಂಕಿನಲ್ಲಿರುವ ದೂರಿನ ಪುಸ್ತಕ ಕೇಳಿ. ಅದನ್ನು ಕೊಡಲೇಬೇಕು. ನಡೆದದ್ದನ್ನು ಸಣ್ಣದಾಗಿ ಬರೆದು ಸಹಿ ಹಾಕಿ ಫೋಟೋ ತೆಗೆಯಿರಿ. ಆಯಿಲ್ ಕಂಪನಿಯ ಸೇಲ್ಸ್ ಆಫೀಸರ್ ಹೆಸರು, ನಂಬರ್ ಬೋರ್ಡಿನಲ್ಲಿ ಇರುತ್ತದೆ. ಅಲ್ಲಿಂದಲೇ ಫೋನ್ ಮಾಡಿ. ಇದು ಬಹಳ ಮುಖ್ಯ. ನಿಮ್ಮ ಬಾಟಲಿಗಿಂತ ಅಧಿಕಾರಿ ಬಂದು ನಿಯಮದ ಪ್ರಕಾರ ಸೀಲ್ ಮಾಡಿದ ಸ್ಯಾಂಪಲ್‌ಗೆ ತೂಕ ಜಾಸ್ತಿ. ಬಂಕಿನ ಟ್ಯಾಂಕಿಗೆ ಹೊಸ ಲೋಡ್ ಇಳಿಯುವ ಮೊದಲೇ ಅದು ಆಗಬೇಕು. ಟ್ಯಾಂಕರಿನಿಂದ ಇಳಿಸುವಾಗ ತೆಗೆದಿಟ್ಟ ಸ್ಯಾಂಪಲ್ ಕೂಡ ಬಂಕಿನಲ್ಲಿ ಇರಬೇಕು. ನೀರು ಬಂದದ್ದು ಲಾರಿಯಿಂದಲೋ ಬಂಕಿನ ಟ್ಯಾಂಕಿನಲ್ಲೋ ಅನ್ನುವುದು ಅದರಿಂದ ತಿಳಿಯುತ್ತದೆ.

ಗ್ಯಾರೇಜಿನಲ್ಲಿ

ಗಾಡಿಯನ್ನು ಎಳೆಸಿಕೊಂಡೇ ಹೋಗಿ. "ಹೇಗೋ ಓಡ್ತಿದೆ, ನಿಧಾನಕ್ಕೆ ಹೋಗೋಣ" ಅನ್ನುವುದು ಬೇಡ. ಟ್ಯಾಂಕ್ ಇಳಿಸಿ ತೊಳೆಯಬೇಕು, ಪೈಪುಗಳಿಗೆ ಗಾಳಿ ಹೊಡೆಯಬೇಕು, ಫಿಲ್ಟರ್ ಬದಲಾಯಿಸಬೇಕು. ಡೀಸೆಲ್ ಆದರೆ ಇಂಜೆಕ್ಟರ್‌ಗಳನ್ನು ಟೆಸ್ಟ್ ಬೆಂಚಿನಲ್ಲಿ ಪರೀಕ್ಷಿಸಿ. ಪದರ ಒಡೆದ ಪೆಟ್ರೋಲಿನಲ್ಲಿ ಮೇಲಿನದನ್ನು ಉಳಿಸಿಕೊಂಡು ಓಡಿಸೋಣ ಅನ್ನಬೇಡಿ. ಎಥನಾಲ್ ಬಿಟ್ಟುಹೋದ ಪೆಟ್ರೋಲಿನ ಆಕ್ಟೇನ್ ಇಳಿದಿರುತ್ತದೆ.

ಹಳೇ ಫಿಲ್ಟರ್, ಹಾಳಾದ ಇಂಜೆಕ್ಟರ್, ಪ್ಲಗ್ ಎಲ್ಲ ಒಂದು ಚೀಲಕ್ಕೆ ಹಾಕಿಸಿಕೊಳ್ಳಿ. ಜಿಎಸ್‌ಟಿ ಬಿಲ್ ಕೇಳಿ. ಟ್ಯಾಂಕಿನಲ್ಲಿ ಎಷ್ಟು ನೀರು ಸಿಕ್ಕಿತು, ಅದರಿಂದ ಏನೇನು ಹಾಳಾಯಿತು ಅಂತ ಮೆಕ್ಯಾನಿಕ್ ಕೈಯಲ್ಲಿ ನಾಲ್ಕು ಸಾಲು ಬರೆಸಿ ಸಹಿ ಹಾಕಿಸಿ. ಇನ್ಶೂರೆನ್ಸ್ ಮೇಲೆ ಜಾಸ್ತಿ ಭರವಸೆ ಬೇಡ. ಸಾಮಾನ್ಯ ಪಾಲಿಸಿಗಳಲ್ಲಿ ಯಂತ್ರದ ಕೆಡುಕಿಗೆ ಹಣ ಇಲ್ಲ.

ತೆಗೆದ ಡೀಸೆಲನ್ನು ಚರಂಡಿಗೋ ತೋಡಿಗೋ ಬಿಡಬೇಡಿ. ಆ ದಿನ ನನ್ನ ಕಣ್ಣೆದುರೇ ಅದು ಹರಿದುಹೋಯಿತು, ಮಳೆನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಹರಡಿಕೊಂಡು. ಕೆಳಗೆ ಯಾರದೋ ಮನೆಯ ಕುಡಿಯುವ ನೀರಿನ ಪೈಪು ಆ ತೋಡಿಗೇ ಇರಬಹುದು. ಇವತ್ತಿಗೂ ಆ ಬೇಸರ ಹೋಗಿಲ್ಲ. ಮುಚ್ಚಳ ಇರುವ ಕಬ್ಬಿಣದ ಕ್ಯಾನಿನಲ್ಲಿ ಹಿಡಿದು ಗ್ಯಾರೇಜಿಗೆ ಕೊಡಿ, ವೇಸ್ಟ್ ಆಯಿಲ್ ಜೊತೆ ಹೋಗುತ್ತದೆ.

ಹಣ ಬಾರದಿದ್ದರೆ

1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಮೊದಲು ಅಲ್ಲಿ ದೂರು ದಾಖಲಿಸಿ ನಂಬರ್ ಪಡೆಯಿರಿ. ಆಹಾರ ಇಲಾಖೆಗೂ ಒಂದು ಅರ್ಜಿ ಕೊಡಿ. ಅಳತೆಯಲ್ಲಿ ಕಡಿಮೆ ಬಂತು ಅನ್ನುವ ದೂರಾದರೆ ಅದು ಕಾನೂನು ಮಾಪನ ಇಲಾಖೆಗೆ. ಅದಕ್ಕೆ ಬಂಕಿನಲ್ಲೇ 5 ಲೀಟರ್ ಅಳತೆಪಾತ್ರೆ ಇದೆ, 25 ಎಂಎಲ್ ಆಚೀಚೆ ಮಾತ್ರ ಒಪ್ಪಿಗೆ.

ಬಂಕಿಗೂ ಆಯಿಲ್ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಕಳಿಸಿ, ಹದಿನೈದು ದಿನ ಕಾಯಿರಿ. ಆಮೇಲೆ ಮಡಿಕೇರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಮೈಸೂರಿನ ಬಂಕಿನಲ್ಲಿ ಹಾಕಿಸಿದ್ದಾದರೂ ವಿರಾಜಪೇಟೆಯವರು ಮಡಿಕೇರಿಗೇ ಹೋದರೆ ಸಾಕು. ಎರಡು ವರ್ಷದ ಒಳಗೆ ಕೊಡಬೇಕು. ಕೊಂಡದ್ದರ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಬಾಡಿಗೆ ಜೀಪು, ಆಟೋ ಓಡಿಸುವವರು "ನಮ್ಮದು ವ್ಯಾಪಾರದ ಗಾಡಿ, ನಮಗೆ ಬರಲ್ಲ" ಅಂತ ಸುಮ್ಮನಾಗುತ್ತಾರೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರನ್ನೂ ಕಾಯ್ದೆ ಗ್ರಾಹಕ ಅಂತಲೇ ಕರೆಯುತ್ತದೆ. ಗಾಡಿ ನಿಂತ ದಿನಗಳ ಬಾಡಿಗೆ ನಷ್ಟವನ್ನೂ ಲೆಕ್ಕ ಬರೆದು ಕೇಳಿ.

ತೋಟದ ಡ್ರಮ್ಮು, ಕಳೆ ಮಿಷನ್ನು

ನಮ್ಮಲ್ಲಿ ಅರ್ಧ ಡೀಸೆಲ್ ಗಾಡಿಗೆ ಹೋಗುವುದೇ ಇಲ್ಲ. ಕರೆಂಟ್ ಹೋದಾಗ ಜನರೇಟರ್‌ಗೆ, ಫೆಬ್ರವರಿ ಮಾರ್ಚಿನಲ್ಲಿ ಕಾಫಿ ಹೂವಿಗೆ ಬೇಕಾದ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಪಂಪ್‌ಸೆಟ್ಟಿಗೆ. ಡ್ರಮ್ಮಿನಲ್ಲಿ ತಂದು ಇಡುತ್ತೇವೆ. ಆ ಡ್ರಮ್ಮಿನಲ್ಲಿ ಸೇರುವ ನೀರಿಗೆ ಯಾವ ಬಂಕನ್ನೂ ದೂರುವ ಹಾಗಿಲ್ಲ.

ನೆಟ್ಟಗೆ ನಿಲ್ಲಿಸಿದ ಡ್ರಮ್ಮಿನ ಮೇಲೆ ಅಂಚಿನೊಳಗೆ ಮಳೆನೀರು ನಿಲ್ಲುತ್ತದೆ. ಹಗಲು ಬಿಸಿಲಿಗೆ ಡ್ರಮ್ಮು ಕಾದು ಒಳಗಿನ ಗಾಳಿ ಹಿಗ್ಗಿ ಬಿರಡೆಯ ಸಂದಿಯಿಂದ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಅದೇ ಸಂದಿಯಿಂದ ಒಳಗೆ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ನಿಂತ ನೀರನ್ನೂ. ಬಿರಡೆ ಬಿಗಿಯಾಗಿದೆ ಅಂತ ನಂಬಿ ಕೂರಬೇಡಿ. ಡ್ರಮ್ಮನ್ನು ಸೂರಿನ ಕೆಳಗೆ ಇಡಿ. ಇಲ್ಲವಾದರೆ ಅಡ್ಡ ಮಲಗಿಸಿ, ಎರಡೂ ಬಿರಡೆ ಎಡಕ್ಕೊಂದು ಬಲಕ್ಕೊಂದು ಒಂದೇ ಮಟ್ಟದಲ್ಲಿ, ಡೀಸೆಲಿನಲ್ಲಿ ಮುಳುಗಿರುವ ಹಾಗೆ. ಹಳೇ ಡೀಸೆಲಿನಲ್ಲಿ ನೀರು ಬಹಳ ದಿನ ನಿಂತರೆ ಎರಡರ ನಡುವೆ ಕಪ್ಪು ಲೋಳೆ ಬೆಳೆಯುತ್ತದೆ. ಅದು ಸೂಕ್ಷ್ಮಜೀವಿಗಳ ಗುಂಪು, ಫಿಲ್ಟರನ್ನು ಒಂದೇ ದಿನದಲ್ಲಿ ಕಟ್ಟಿಸುತ್ತದೆ. ಡ್ರಮ್ಮಿನಿಂದ ತೆಗೆಯುವಾಗ ಪೈಪಿನ ತುದಿ ತಳಕ್ಕೆ ತಾಗಿಸಬೇಡಿ, ನಾಲ್ಕು ಬೆರಳು ಮೇಲಿರಲಿ.

ಕಳೆ ಮಿಷನ್ನಿನ ಪೆಟ್ರೋಲಿಗೆ ಇನ್ನೂ ಜಾಸ್ತಿ ಜಾಗ್ರತೆ ಬೇಕು. ಟು ಸ್ಟ್ರೋಕ್ ಮಿಷನ್ನಿಗೆ ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ಲೇ ಜೀವ. ನೀರು ಸೇರಿ ಪದರ ಒಡೆದರೆ ಆಯಿಲ್ ಮೇಲಿನ ಪೆಟ್ರೋಲಿನಲ್ಲಿ ಉಳಿಯುತ್ತದೆ. ಮಿಷನ್ ಎಳೆಯುವುದು ತಳದಿಂದ. ಎಥನಾಲ್ ಮತ್ತು ನೀರು ಮಾತ್ರ ಒಳಗೆ ಹೋಗಿ, ಆಯಿಲ್ ಇಲ್ಲದೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಕಳೆ ಕೆಲಸ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಿನಲ್ಲಿರುವುದೂ ಮುಗಿದು ಮಿಷನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಒರೆಸಿ ಒಳಗಿಡಿ. ಮಿಕ್ಸ್ ಮಾಡಿದ ಪೆಟ್ರೋಲ್ ಮೂರು ನಾಲ್ಕು ವಾರಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಕ್ಯಾನಿನಿಂದ ಹಾಕುವ ಮೊದಲು ಪ್ರತಿ ಸಲ ಒಂದು ಸಣ್ಣ ಗಾಜಿನ ಲೋಟಕ್ಕೆ ಬಗ್ಗಿಸಿ ಬೆಳಕಿಗೆ ಹಿಡಿದು ನೋಡಿ. ಮಸುಕಾಗಿ ಕಂಡರೆ, ಇಲ್ಲ ತಳದಲ್ಲಿ ಗೆರೆ ಕಂಡರೆ, ಅದನ್ನು ಮಿಷನ್ನಿಗೆ ಹಾಕಬೇಡಿ.